ಓಗೊಡಬಾರದ ಕೂಗು

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ ನಾವು. ಬೇವೂರಿನವರೇನು ಆಕಾಶದಿಂದ ಇಳಿದವರಲ್ಲ. ಹುಲಗೆಮ್ಮನ ಸೇಂದಿ ಅಂಗಡಿಯ ಮುಂದೆ ಯಾರೋ ಸಾಬ ದಿನಾ ಸಂಜೆ ಸನಾದಿ ಊದುತ್ತಾನಂತೆ, ಒಂದು ತಿಂಗಳು ಊದುತ್ತಾನಂತೆ, ಒಂದು ಬಿಲ್ಲೆಯನ್ನೂ ಕೇಳುವುದಿಲ್ಲವಂತೆ ಎಂದು ಸುದ್ದಿ ಹಬ್ಬಿದ್ದೇ ತಡ, ವರ್ಷಗಟ್ಟಲೆ ಆ ಕಡೆ ತಲೆ ಹಾಕದವರೂ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೊರಟರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಊರು ಸೇಂದಿ ಅನ್ನುತ್ತದೆ ಎಂದು ಹೆದರುತ್ತಿದ್ದ ಮರ್ಯಾದಸ್ಥರಿಗೆ ಒಂದು ನೆಪ ಸಿಕ್ಕಿತು. “ನಾವು ಕುಡಿಯಾಕ ಬಂದಿಲ್ರಿ, ಕೇಳಾಕ ಬಂದೀವಿ” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಕೇಳುತ್ತ ಕೇಳುತ್ತ ಎರಡೆರಡು ಮಗಿ ಕುಡಿದೇ ಏಳುತ್ತಿದ್ದರು.

ಅದು ಜರ್ಮನಿ ಲಡಾಯಿ ಇನ್ನೂ ಮುಗಿಯದ ಕಾಲ. ನಮ್ಮ ಕಡೆ ನಿಜಾಮರ ಸರಕಾರ. ಹಳ್ಳದ ದಂಡೆಯ ಈಚಲ ಮರಗಳಿಗೆಲ್ಲ ಸರಕಾರದ ನಂಬರು, ಅವುಗಳ ಗುತ್ತಿಗೆ ಕುಷ್ಟಗಿಯ ಗುತ್ತೇದಾರನದು, ಅವನ ಕೆಳಗೆ ಬೇವೂರಿನಲ್ಲಿ ಅಂಗಡಿ ನಡೆಸುವವಳು ಈಳಿಗೇರ ಹುಲಗೆಮ್ಮ. ಅಂಗಡಿ ಅಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಜೋಳದ ದಂಟು ಹೊದಿಸಿದ ಒಂದು ಗುಡಿಸಲು, ಒಳಗೆ ಸಾಲಾಗಿ ನೊರೆ ಉಕ್ಕುವ ಗಡಿಗೆಗಳು, ಮುಂದೆ ಸಾರಿಸಿದ ಅಂಗಳ. ಅಂಗಳ ದಾಟಿದರೆ ಈಚಲ ಬನ.

ಹುಲಗೆಮ್ಮನಿಗೆ ಆಗ ಮೂವತ್ತರ ಆಸುಪಾಸು. ಗಂಡ ವಿರುಪಣ್ಣ ತೀರಿ ಮೂರು ವರ್ಷವಾಗಿತ್ತು. ಮನೆಯಲ್ಲಿದ್ದವಳು ಅತ್ತೆ ಪಕ್ಕೀರವ್ವ ಒಬ್ಬಳೇ. ಮುದುಕಿಗೆ ಕಣ್ಣು ಹೋಗಿ ಬಹಳ ಕಾಲವಾಗಿತ್ತು, ಆದರೆ ಬಾಯಿ ಮಾತ್ರ ಇಬ್ಬರಿಗಾಗುವಷ್ಟು ಇತ್ತು. ಸೊಸೆಯನ್ನು ಬೈಯುವುದು, ಸೊಸೆಯನ್ನು ಬೈದವರನ್ನು ಬೈಯುವುದು, ಎರಡೂ ಅವಳದೇ ಕೆಲಸ. ಗಂಡಸಿಲ್ಲದ ಮನೆಯಲ್ಲಿ ಮರ ಏರುವವರು ಯಾರು? ಈಗ ಏರುತ್ತಿದ್ದವನು ಯಮನೂರಪ್ಪ, ದೂರದ ಸಂಬಂಧಿ, ಹುಲಗೆಮ್ಮನಿಗಿಂತ ಒಂದೆರಡು ವರ್ಷ ಚಿಕ್ಕವನು, ಕೆಲಸಗಾರ, ಸ್ವಲ್ಪ ಪುಕ್ಕಲ. ಅವನಿಗೆ ಸೊಸೆಯನ್ನು ಉಡಿಕೆ ಮಾಡಿಕೊಡುವುದೆಂದು ಮುದುಕಿಯೇ ಮಾತು ಆಡಿ ಮುಗಿಸಿದ್ದಳು. ಉಡಿಕೆ ಅಂದರೆ ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಕರೆದುಕೊಳ್ಳುವುದು. ಅದಕ್ಕೆ ಹಂದರವಿಲ್ಲ, ಅಕ್ಕಿಕಾಳಿಲ್ಲ, ಮುತ್ತೈದೆಯರು ಆ ಹೊತ್ತು ಮುಖ ನೋಡುವುದಿಲ್ಲ. ಅಮಾವಾಸ್ಯೆಯ ಕತ್ತಲಲ್ಲಿ ನಾಲ್ಕು ಜನ ಕೂತು ಮುಗಿಸಿಬಿಡುತ್ತಾರೆ. ಶಿವರಾತ್ರಿ ಅಮಾವಾಸ್ಯೆಗೆ ಗೊತ್ತಾಗಿತ್ತು. ಹುಲಗೆಮ್ಮ ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ಯಮನೂರಪ್ಪ ಕೆಟ್ಟವನಲ್ಲ, ಒಂಟಿ ಬಾಳಿಗೆ ಒಂದು ಆಸರೆ ಅಂದುಕೊಂಡಿದ್ದಳು.

ಅದಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು, ಪುಷ್ಯ ಮುಗಿಯುವ ಅವರಾತ್ರಿ ಅಮಾವಾಸ್ಯೆಯ ಮರುದಿನ, ಹೊತ್ತಿಳಿಯುವಾಗ ಒಬ್ಬ ತೆಳ್ಳನೆಯ ಮುದುಕ ಬಗಲಲ್ಲಿ ಬಟ್ಟೆ ಸುತ್ತಿದ ಸನಾದಿ ಹಿಡಿದುಕೊಂಡು ಬಂದ. ಹೆಸರು ಜಿಲಾನಸಾಬ, ಊರು ಹುಲಿಹೈದರ.

“ಅಂಗಡಿ ನಿಂದೇನು ತಂಗಿ?”

“ಹೌದ್ರಿ ಸಾಬ್ರ. ಕುಂದರ್ರಿ.”

“ನಾ ಕುಡಿಯಾಂವ ಅಲ್ಲ. ಇಲ್ಲಿ ಬಾರಸಾಕ ವೀಳ್ಯ ಹಿಡದೀನಿ. ಶಿವರಾತ್ರಿ ಅಮವಾಸಿ ತನಕ, ದಿನಾ ಸಂಜಿಕ.”

“ನಾ ಯಾರಿಗೂ ವೀಳ್ಯ ಕೊಟ್ಟಿಲ್ರಿ. ನಿಮಗ ಕೊಡಾಕ ನನ್ನ ಕಡೆ ಏನೂ ಇಲ್ಲ.”

“ನೀ ಏನೂ ಕೊಡೂದು ಬ್ಯಾಡ. ಕೊಡಾಂವ ಕೊಟ್ಟಾನ.”

ವಾದ್ಯದವರ ಕಸುಬಿನಲ್ಲಿ ವೀಳ್ಯ ಅಂದರೆ ಹುಡುಗಾಟವಲ್ಲ. ಎಲೆ ಅಡಿಕೆ ಕೈಗೆ ತೆಗೆದುಕೊಂಡ ಮೇಲೆ ಮಳೆ ಬರಲಿ ಸಿಡಿಲು ಬರಲಿ, ಹೇಳಿದ ಜಾಗದಲ್ಲಿ ಹೇಳಿದಷ್ಟು ದಿನ ಬಾರಿಸಲೇಬೇಕು. ಕೊಟ್ಟವರು ಯಾರೆಂದು ಕೂತಿದ್ದ ಕುಡುಕರೆಲ್ಲ ಕೇಳಿದರು. “ಕೇಳಬೇಕಾದವರು ಕೇಳಿದ್ರ ಹೇಳ್ತೀನಿ” ಎಂದು ಜಿಲಾನಸಾಬ ಹುಲಗೆಮ್ಮನ ಮುಖ ನೋಡಿದ. ಅವಳು ಗಡಿಗೆಯ ಕಡೆ ತಿರುಗಿದಳು. ಇದೆಲ್ಲ ಗುತ್ತೇದಾರನ ಕಿತಾಪತಿ, ಜನ ಸೇರಿಸಲಿಕ್ಕೆ ಹೂಡಿದ ಆಟ ಎಂದು ಊರು ತೀರ್ಮಾನ ಮಾಡಿ ನಕ್ಕಿತು. ಹುಲಗೆಮ್ಮನಿಗೂ ಹಾಗೇ ಅನಿಸಿತು.

ಆದರೆ ಸಾಬ ಕೂತ ರೀತಿಯೇ ಬೇರೆ. ವಾದ್ಯದವರು ಜನರ ಕಡೆ ಮುಖ ಮಾಡಿ ಕೂಡುತ್ತಾರೆ. ಅವನು ಜನರಿಗೆ ಬೆನ್ನು ಕೊಟ್ಟು ಈಚಲ ಬನಕ್ಕೆ ಮುಖ ಮಾಡಿ ಕೂತ. ಊದಿದ್ದು ಮಾತ್ರ ಅಮೃತ. ಕುಡಿಯುವವರು ಕುಡಿಯುವುದು ಮರೆತರು. ಹೊತ್ತು ಮುಳುಗಿ ಬನದ ಬುಡದಲ್ಲಿ ಕಪ್ಪು ಕೂಡುವ ಹೊತ್ತಿಗೆ ಅವನು ನಿಲ್ಲಿಸಿ, ಉಸಿರು ಎಳೆದುಕೊಂಡು, ಕೊನೆಗೆ ಒಂದು ಚಿಕ್ಕ ಸ್ವರ ತೆಗೆದ. ಎರಡು ಸಲ ಉದ್ದಕ್ಕೆ ಎಳೆದು, ನಡುವೆ ಬಿಕ್ಕಿದ ಹಾಗೆ ತುಂಡಾಗಿ, ಮತ್ತೆ ಕೆಳಗಿಳಿದು ನಿಲ್ಲುವ ಸ್ವರ. ಹಾಡೂ ಅಲ್ಲ, ರಾಗವೂ ಅಲ್ಲ.

ಗಡಿಗೆಯಿಂದ ಸೇಂದಿ ಬಗ್ಗಿಸುತ್ತಿದ್ದ ಹುಲಗೆಮ್ಮನ ಬಾಯಿ ತಾನಾಗಿ ತೆರೆಯಿತು. “ಓ” ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಅದು ವಿರುಪಣ್ಣನ ಕೂಗು.

ಈಳಿಗೇರರ ಕಸುಬು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮರದ ತುದಿಗೆ ಏರಿದವನಿಗೆ ಊರ ಹಿತ್ತಿಲುಗಳೆಲ್ಲ ಕಾಣುತ್ತವೆ, ಹಳ್ಳದಲ್ಲಿ ಮೈ ತೊಳೆಯುವ ಹೆಂಗಸರು ಕಾಣುತ್ತಾರೆ. ಅದಕ್ಕೇ ಏರುವ ಮೊದಲು ಕೂಗಬೇಕು: ನಾ ಏರುತ್ತೇನೆ, ಸೆರಗು ಸರಿಮಾಡಿಕೊಳ್ಳಿ ಅಂತ. ಒಬ್ಬೊಬ್ಬನದು ಒಂದೊಂದು ಕೂಗು, ಅಪ್ಪನದು ಮಗನಿಗಿಲ್ಲ. ಬುಡದಲ್ಲಿ ನಿಂತ ಹೆಂಡತಿ “ಓ, ಏರು” ಅಂದ ಮೇಲೆಯೇ ಅವನು ಕಾಲು ಮೇಲಿಡುವುದು. ಹತ್ತು ವರ್ಷ ಹುಲಗೆಮ್ಮ ಬೆಳಗು ಬೈಗು ಆ ಕೂಗಿಗೆ ಓ ಅಂದಿದ್ದಳು. ಹಾಲು ಕಂಡ ಕೂಸಿನ ಹಾಗೆ ಬಾಯಿ ತೆರೆದರೆ ತಪ್ಪೇನು?

ತಪ್ಪೇ. ಸತ್ತವರು ಕೂಗಿದರೆ ಓ ಅನ್ನಬಾರದು. ಮುಸ್ಸಂಜೆಯಲ್ಲಿ ಹೆಸರು ಹಿಡಿದು ಯಾರು ಕರೆದರೂ ಮೂರು ಸಲ ಕರೆಯುವ ತನಕ ಓಗೊಡಬಾರದೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಓ ಅಂದವರನ್ನು ಕರೆದವರು ಕರೆದುಕೊಂಡೇ ಹೋಗುತ್ತಾರೆ.

ಒಳಗಿನಿಂದ ಪಕ್ಕೀರವ್ವ ಗೋಡೆ ತಡವಿಕೊಂಡು ಬಂದಳು. ಅವಳ ಮುಖ ಬೂದಿಯಾಗಿತ್ತು.

“ಕೇಳಿದೇನು?”

“ಕೇಳಿದೆ ಅತ್ತಿ.”

“ಓ ಅಂದೇನು?”

“ಇಲ್ಲ.”

“ಅನಬ್ಯಾಡ. ನಾಲಿಗಿ ಕಚ್ಕೊಂಡು ಕುಂದ್ರು. ನೀ ಉಡಿಕಿ ಆಗೂದು ಅಂವಗ ಸೇರವಲ್ದು.”

ಅಂದಿನಿಂದ ದಿನಾ ಅದೇ. ಜಿಲಾನಸಾಬ ಬರುವನು, ಬನಕ್ಕೆ ಮುಖ ಮಾಡಿ ಕೂಡುವನು, ಜನ ತಲೆದೂಗುವ ಹಾಗೆ ಊದುವನು, ಕಪ್ಪು ಇಳಿಯುವಾಗ ಆ ಕೂಗನ್ನು ಒಂದೇ ಒಂದು ಸಲ ತೆಗೆಯುವನು. ತೆಗೆದು, ಸನಾದಿ ತೊಡೆಯ ಮೇಲಿಟ್ಟುಕೊಂಡು, ಕಿವಿ ಕೊಟ್ಟು ಸ್ವಲ್ಪ ಹೊತ್ತು ಕಾಯುವನು. ಯಾರೂ ಏನೂ ಅನ್ನದಿದ್ದರೆ ಎದ್ದು, ರಾತ್ರಿ ಮಲಗಲು ಊರ ಮಸೀದಿಯ ಕಟ್ಟೆಗೆ ಹೋಗುವನು. ನಾಲ್ಕು ದಿನಕ್ಕೆ ಉಳಿದವರಿಗೂ ಆ ಸ್ವರದ ಗುರುತು ಹತ್ತಿತು. “ಇದು ವಿರುಪಣ್ಣಂದಲ್ಲೇನ್ರಪಾ?” ಎಂದು ಒಬ್ಬ ಅಂದ. ಮಗಿ ಎತ್ತಿದವರು ಹಾಗೇ ಕೆಳಗಿಟ್ಟರು.

ವಿರುಪಣ್ಣ ಸತ್ತದ್ದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಮೂರು ವರ್ಷದ ಹಿಂದೆ ಹಂಗಾಮಿಗೆ ಮರಕ್ಕೆ ಗಡಿಗೆ ಕಟ್ಟಿ ಸೇಂದಿ ಇಳಿಸಲು ಕನಕಗಿರಿಯ ಆ ಕಡೆ ಹೋಗಿದ್ದ. ಅದೇ ವರ್ಷ ಆ ಭಾಗದಲ್ಲಿ ವಾಂತಿಭೇದಿ ಹೊಕ್ಕಿತು, ಊರಿಗೆ ಊರೇ ಬಾಗಿಲು ಹಾಕಿಕೊಂಡವು. ಒಂದು ಮಧ್ಯಾಹ್ನ, ಹುಲಗೆಮ್ಮ ಹಳ್ಳಕ್ಕೆ ಹೋಗಿದ್ದಾಗ, ಬಂಡಿಯವನೊಬ್ಬ ಬಾಗಿಲಲ್ಲಿ ನಿಂತು ಬಟ್ಟೆಯಲ್ಲಿ ಬಿಗಿದ ಒಂದು ಗಂಟನ್ನು ಪಕ್ಕೀರವ್ವನ ಕೈಗೆ ಕೊಟ್ಟ. “ವಿರುಪಣ್ಣನ ಹಗ್ಗ, ಮನಿಗೆ ಮುಟ್ಟಸಂದಾರ” ಎಂದಷ್ಟೇ ಹೇಳಿ ಎತ್ತು ಹೊಡೆದುಕೊಂಡು ಹೋದ. ಬೇನೆ ಇದ್ದ ಊರಿಂದ ಬಂದವನು ಎಲ್ಲೂ ನಿಲ್ಲುವಂತಿರಲಿಲ್ಲ, ನಿಲ್ಲು ಅನ್ನುವವರೂ ಇರಲಿಲ್ಲ. ಮುದುಕಿ ಅಲ್ಲೇ ಕುಸಿದು ಎದೆ ಬಡಿದುಕೊಂಡಳು.

ಯಾಕೆ ಅಂತ ಕೇಳಿದರೆ ನೀವು ಈಳಿಗೇರರಲ್ಲ. ಮರ ಏರುವವನು ಹೆಂಡತಿಯನ್ನಾದರೂ ಬಿಟ್ಟಾನು, ಸೊಂಟದ ಹಗ್ಗ ಬಿಡುವುದಿಲ್ಲ. ಅದನ್ನು ಎರವಲು ಕೊಡುವುದಿಲ್ಲ, ಮಾರುವುದಿಲ್ಲ, ಮತ್ತೊಬ್ಬನ ಕೈಯಲ್ಲಿ ಕಳಿಸುವುದಿಲ್ಲ. ಮನುಷ್ಯ ಬಾರದೆ ಹಗ್ಗ ಬಂತೆಂದರೆ ಮನುಷ್ಯ ಹೋದ. ಇನ್ನೇನೂ ಕೇಳುವುದು ಉಳಿಯುವುದಿಲ್ಲ. ಬೇನೆಯ ಊರಿನ ಗಂಟನ್ನು ಯಾರೂ ಬಿಚ್ಚಲಿಲ್ಲ. ಹೆಣದ ಬದಲಿಗೆ ಆ ಗಂಟನ್ನೇ, ಬನದ ಮೊದಲ ಮರದ ಬುಡದಲ್ಲಿ, ಕುಣಿ ತೋಡಿ, ಭಜನೆ ಹಾಡಿ, ಹುಗಿದರು. ಹುಲಗೆಮ್ಮ ಬಳೆ ಒಡೆದುಕೊಂಡಳು. ಅಂದಿನಿಂದ ದಿನದ ಮೊದಲ ಮಗಿ ಸೇಂದಿಯನ್ನು ಅವಳು ಆ ಮರದ ಬುಡಕ್ಕೆ ಇಟ್ಟು ಬರುತ್ತಿದ್ದಳು. ಸತ್ತ ಈಳಿಗೇರನಿಗೆ ಅದು ಸಲ್ಲಬೇಕಾದದ್ದು. ದಿನವೂ ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು, ಇರುವೆ ಮುತ್ತುತ್ತಿದ್ದವು, ಮರುದಿನ ಅವಳೇ ಚೆಲ್ಲಿ ಬೇರೆ ಇಡುತ್ತಿದ್ದಳು.

ಸನಾದಿ ಶುರುವಾದ ಎಂಟನೆಯ ದಿನ ಮಗಿ ಬರಿದಾಗಿತ್ತು. ನಾಯಿ ಕುಡಿದಿರಬೇಕೆಂದುಕೊಂಡಳು. ಒಂಬತ್ತನೆಯ ದಿನವೂ ಬರಿದು. ಹತ್ತನೆಯ ದಿನ ಮಗಿಯನ್ನು ಕುಡಿದವರು ತೊಳೆದು ಬೋರಲು ಹಾಕಿದ್ದರು. ನಾಯಿ ಮಗಿ ತೊಳೆಯುವುದಿಲ್ಲ. ವಿರುಪಣ್ಣ ಕುಡಿದ ಮಗಿಯನ್ನು ಯಾವತ್ತೂ ತೊಳೆದು ಬೋರಲು ಹಾಕುತ್ತಿದ್ದ.

ಅವಳು ಈ ಸಂಗತಿಯನ್ನು ಅತ್ತೆಗೂ ಹೇಳಲಿಲ್ಲ. ರಾತ್ರಿ ಕೌದಿಯೊಳಗೆ ಮುಖ ಹುದುಗಿಸಿ ನಡುಗಿದಳು. ಹೆದರಿಕೆಯ ಜೊತೆಗೆ ಇನ್ನೊಂದು ಇತ್ತು, ಅದೇ ಅವಳನ್ನು ಹೆಚ್ಚು ಹೆದರಿಸಿದ್ದು. ಮರುದಿನದ ಸಂಜೆ ಬೇಗ ಬರಲಿ ಅನಿಸುತ್ತಿತ್ತು. ಆ ಕೂಗಿಗೆ ಓ ಅಂದುಬಿಡಬೇಕು, ಆದದ್ದಾಗಲಿ ಅನಿಸುತ್ತಿತ್ತು. ಮೂರು ವರ್ಷದಲ್ಲಿ ಆ ದನಿಗಾಗಿ ತಾನು ಎಷ್ಟು ಹಸಿದಿದ್ದೆನೆಂದು ಅವಳಿಗೆ ಆಗ ತಿಳಿಯಿತು.

ಹೆಜ್ಜೆಗಳನ್ನು ಮೊದಲು ಕಂಡವನು ಯಮನೂರಪ್ಪ. ಬೆಳಿಗ್ಗೆ ಗಡಿಗೆ ಇಳಿಸಲು ಹೋದವನು ಬರಿಗೈಯಲ್ಲಿ ಓಡಿ ಬಂದು ಅಂಗಡಿಯ ಮುಂದೆ ಕೂತುಬಿಟ್ಟ.

“ಹುಲಗೆವ್ವಾ, ಬಾ ಇಲ್ಲೆ. ನೀ ಬಂದು ನೋಡು.”

ಮೊದಲ ಮರದ ಬುಡದ ಸಡಿಲ ಮಣ್ಣಿನಲ್ಲಿ ಮನುಷ್ಯನ ಹೆಜ್ಜೆಗಳಿದ್ದವು. ಎಡಗಾಲಿನ ಬೆರಳುಗಳು ಮರದ ಕಡೆಗಿದ್ದವು. ಬಲಗಾಲಿನ ಬೆರಳುಗಳು ಬನದ ಕಡೆಗಿದ್ದವು. ಒಂದು ಎಡ, ಒಂದು ಬಲ, ಒಂದು ಎಡ, ಒಂದು ಬಲ, ಹಾಗೇ ಸಾಲಾಗಿ. ಎಡಗಾಲು ಬರುತ್ತಿತ್ತು, ಬಲಗಾಲು ಹೋಗುತ್ತಿತ್ತು.

“ದೆವ್ವದ ಕಾಲು ಹಿಂದಮುಂದ ಇರ್ತಾವಂತ ನಮ್ಮವ್ವ ಹೇಳಿದ್ಲು” ಎಂದ ಯಮನೂರಪ್ಪ. “ನಾ ಸುಳ್ಳಂತ ತಿಳದಿದ್ದೆ.”

ಹುಲಗೆಮ್ಮ ಸೆರಗಿನಿಂದ ಹೆಜ್ಜೆಗಳನ್ನು ಒರೆಸಿ ಹಾಕಿದಳು. ಒರೆಸಿದರೇನು, ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಮಧ್ಯಾಹ್ನದೊಳಗೆ ಸುದ್ದಿ ಯಲಬುರ್ಗಿಯ ದಾರಿ ಹಿಡಿದಿತ್ತು. ಮಜ್ಜಿಗೆಯ ಮರ್ಯಾದಸ್ಥರು ಮೊದಲು ತಪ್ಪಿಸಿಕೊಂಡರು. ಆಮೇಲೆ ನಿತ್ಯದ ಕುಡುಕರು. ಮಾಘದ ಹುಣ್ಣಿಮೆ ಕಳೆಯುವ ಹೊತ್ತಿಗೆ ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜಿಲಾನಸಾಬ ಮಾತ್ರ ಯಾವ ವ್ಯತ್ಯಾಸವೂ ಇಲ್ಲದೆ ಬಂದು, ಖಾಲಿ ಅಂಗಳಕ್ಕೆ ಬೆನ್ನು ಮಾಡಿ, ಬನಕ್ಕೆ ಊದಿ, ಕೂಗಿ, ಕಾದು, ಹೋಗುತ್ತಿದ್ದ.

ಒಂದು ಸಂಜೆ ಹುಲಗೆಮ್ಮ ಧೈರ್ಯ ಮಾಡಿ ಅವನ ಹತ್ತಿರ ಹೋಗಿ ನಿಂತಳು. ಯಾರು ಕಳಿಸಿದರು ಎಂದು ಕೇಳಬೇಕು, ಅಷ್ಟೇ. ಕೇಳಿ, ಅವನು ಸತ್ತವನ ಹೆಸರು ಹೇಳಿದರೆ? ಸತ್ತವನು ಕಳಿಸಿದವನ ಜೊತೆ ಮಾತಾಡುವುದೂ ಓ ಅಂದ ಹಾಗೇ ಅಲ್ಲವೆ?

“ಕೇಳು ತಂಗಿ” ಎಂದ ಜಿಲಾನಸಾಬ ಮೆಲ್ಲಗೆ. “ನಾನಾಗೇ ಹೇಳಾಕ ನನಗ ಅಪ್ಪಣಿ ಇಲ್ಲ.”

ಅವಳು ತಲೆಯಾಡಿಸಿ ಒಳಗೆ ಓಡಿದಳು.

ಯಮನೂರಪ್ಪನ ತಾಳ್ಮೆ ಮುಗಿದಿತ್ತು. ಪಾಪ, ಅವನಿಗೆ ಮರವೂ ಬೇಕು, ಹೆಂಡತಿಯೂ ಬೇಕು, ದೆವ್ವ ಮಾತ್ರ ಬೇಡ. “ಹುಗದದ್ದನ್ನ ತಗದು ಸುಟ್ಟರ ಹೋಗ್ತದಂತ ಹಿರೇರು ಹೇಳ್ತಾರ. ಉಡಿಕಿ ಆಗೂದ್ರೊಳಗ ಸುಡೂಣು” ಎಂದ. ಪಕ್ಕೀರವ್ವ ಒಪ್ಪಿದಳು. “ಸುಡ್ರಿ. ಸತ್ತಾಂವ ಸುಮ್ನ ಮಲಗ್ಲಿ, ಇದ್ದವರು ಬಾಳ್ವೆ ಮಾಡ್ಲಿ” ಎಂದು ಹೇಳಿ, ಆಮೇಲೆ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಅತ್ತಳು.

ಅಮಾವಾಸ್ಯೆಯ ಹಿಂದಿನ ದಿನ, ಅಂದರೆ ಸನಾದಿಯ ಕಡೆಯ ಸಂಜೆ, ಊರಿನ ಹತ್ತು ಹನ್ನೆರಡು ಗಂಡಸರು ಬೇವಿನ ಟೊಂಗೆ, ಹಳೆಯ ಕೆರ, ಕಸಬರಿಗೆ ಹಿಡಿದುಕೊಂಡು ಬನದ ಅಂಚಿಗೆ ಬಂದರು. ಯಮನೂರಪ್ಪ ಗುದ್ದಲಿ ಹಾಕಿದ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಗಂಟು ಸಿಕ್ಕಿತು. ಬಟ್ಟೆ ಮಣ್ಣಾಗಿ ಕೈಗೆ ಬಂತು. ಒಳಗೆ ಚರ್ಮ ಹೊಲಿದ ಹಗ್ಗ ಕರ್ರಗಾಗಿ, ಮುರುಟಿಕೊಂಡು, ಆದರೆ ಉಳಿದಿತ್ತು.

ಎಲ್ಲರಿಗಿಂತ ಹಿಂದೆ ನಿಂತಿದ್ದ ಹುಲಗೆಮ್ಮ ಮುಂದೆ ಬಂದಳು.

“ತಡಿ. ಬೆಂಕಿ ಹಚ್ಚಬ್ಯಾಡ.”

“ಮುಟ್ಟಬ್ಯಾಡ ಹುಲಗೆವ್ವ.”

ಅವಳು ಮುಟ್ಟಿದಳು. ಎತ್ತಿ, ಸುರುಳಿ ಬಿಡಿಸಿ, ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದಳು. ಸುರುಳಿಯ ನಡುವೆ ಕತ್ತಿ ಇತ್ತು.

“ಯಮನೂರಪ್ಪ, ಈಳಿಗ್ಯಾರಾಂವ ಸತ್ತರ ಜೊತಿಗಿದ್ದವರು ಮೊದಲ ಏನ ಮಾಡ್ತಾರ?”

ಅವನಿಗೆ ಗೊತ್ತಿತ್ತು. ಬೇರೆ ಯಾರೂ ಅದರಿಂದ ಏರಬಾರದೆಂದು, ಸತ್ತವನ ಹಗ್ಗವನ್ನು ಮೊದಲು ನಡುವಿಗೆ ಕತ್ತರಿಸುತ್ತಾರೆ. ಹೆಣಕ್ಕೆ ನೀರು ಹಾಕುವುದೂ ಆಮೇಲೆಯೇ. ಬೇನೆಯಿರಲಿ, ಪ್ರಳಯವಿರಲಿ, ಅದೊಂದನ್ನು ಬಿಡುವುದಿಲ್ಲ.

“ಇದನ್ನ ಯಾರೂ ಕೊಯ್ದಿಲ್ಲ” ಎಂದಳು ಹುಲಗೆಮ್ಮ. “ಇದನ್ನ ಅಂವನೇ ಸುತ್ಯಾನ. ಕತ್ತಿ ಒಳಗಿಟ್ಟು ಸುತ್ತೂದು ಅಂವನ ಕೈ. ನಾವು ಬಿಚ್ಚಿ ನೋಡಲಿಲ್ಲ. ಯವ್ವಾ, ನಾವು ಬಿಚ್ಚಿ ನೋಡಲೇ ಇಲ್ಲ.”

ಅವಳು ಹಗ್ಗ ಹಿಡಿದುಕೊಂಡೇ ಅಂಗಳಕ್ಕೆ ಓಡಿ ಜಿಲಾನಸಾಬನ ಎದುರು ಕುಕ್ಕರಿಸಿದಳು.

“ಸಾಬ್ರ, ಯಾರು ಕಳಿಸ್ಯಾರ ನಿಮ್ಮನ್ನ?”

ಜಿಲಾನಸಾಬ ಕಣ್ಣು ಮುಚ್ಚಿ ಉಸಿರು ಬಿಟ್ಟ.

“ಒಂದು ತಿಂಗಳು ಕಾದೆ ತಂಗಿ ಈ ಮಾತಿಗೆ. ನಿನ್ನ ಗಂಡ ಕಳಿಸ್ಯಾನ. ನಮ್ಮೂರಾಗ ಮರದ ಮ್ಯಾಗಿಂದ ಬಿದ್ದ. ಎರಡೂ ಕಾಲು ಮುರದ್ವು, ಕಟ್ಟಿದಾಂವ ಸರಿ ಕಟ್ಟಲಿಲ್ಲ, ಬಲಗಾಲು ಹಿಂದಮುಂದಾಗಿ ಕೂಡ್ತು. ಒಂದು ವರ್ಷ ನನ್ನ ಪಡಸಾಲ್ಯಾಗ ಮಲಗಿದ್ದ. ಇನ್ನ ನಾ ಏರೂದಿಲ್ಲ, ಕೊಯ್ಯದ ಹಗ್ಗ ನೋಡಿದ್ರ ಹುಲಗಿಗೆ ತಿಳೀತದ, ಬಂದು ಬಂಡ್ಯಾಗ ಹಾಕ್ಕೊಂಡು ಹೋಗ್ತಾಳಂತ ಹಗ್ಗ ಕಳಿಸಿದ. ದಿನಾ ದಾರಿ ನೋಡಿದ. ನೀ ಬರಲಿಲ್ಲ.”

ಹುಲಗೆಮ್ಮನ ಬಾಯಿಂದ ಒಂದು ದನಿ ಹೊರಟಿತು. ಅದು ಅಳುವೂ ಅಲ್ಲ, ಮಾತೂ ಅಲ್ಲ.

“ಕೋಲು ಹಿಡದು ನಡಿಯಾಕ ಬಂದ ಮ್ಯಾಲೆ ಹೋದ ಯುಗಾದಿಗೆ ಒಮ್ಮೆ ತಾನ ಬಂದಿದ್ದ. ಪಕ್ಕದೂರ ಹಳ್ಳದಾಗ ಹೆಂಗಸ್ರು ಅವನ ಕಾಲು ನೋಡಿ ಚೀರಿದ್ರಂತ. ಕಲ್ಲು ಬಿದ್ವು. ತನ್ನನ್ನ ಹುಗದಾರಂತ ಅವತ್ತ ತಿಳೀತು. ಈಗ ನಿನ್ನ ಉಡಿಕಿ ಸುದ್ದಿ ಬಂತು. ಮಾತಿನಿಂದ ಹೇಳಿ ಕಳಸೂದು ಬ್ಯಾಡ ಅಂದ. ಅಕಿ ಛಲೋ ಬಾಳ್ವೆ ಮಾಡೂದಿದ್ರ ಮಾಡ್ಲಿ. ನನ್ನ ಕೂಗಿಗೆ ಅಕಿ ಓ ಅಂದ್ರ ಬರ್ತೀನಿ, ಇಲ್ಲಂದ್ರ ನಾ ಸತ್ತದ್ದು ಖರೇನ ಅಂದ. ಆರೇಳು ದಿನ ಹುಲಿಹೈದರದಾಗ ತಡಕೊಂಡ. ತಡಿಯಾಕ ಆಗಲಿಲ್ಲ, ಬಂದ. ಅವತ್ತಿನಿಂದ ಇದ ಬನದಾಗ ಅದಾನ.”

ಜಿಲಾನಸಾಬ ಸನಾದಿ ಎತ್ತಿದ. ಹೊತ್ತು ಮುಳುಗಿ ಬನದ ಬುಡ ಕಪ್ಪಾಗಿತ್ತು. ಎರಡು ಸಲ ಉದ್ದಕ್ಕೆ ಎಳೆದು, ನಡುವೆ ತುಂಡಾಗಿ, ಸ್ವರ ಕೆಳಗಿಳಿದು ನಿಂತಿತು.

“ಓ” ಎಂದಳು ಹುಲಗೆಮ್ಮ.

ಊರವರ ಕೈಯ ಬೇವಿನ ಟೊಂಗೆಗಳು ಅಲುಗಾಡಲಿಲ್ಲ. ಬನದೊಳಗೆ ಒಣಗಿದ ಗರಿ ಮುರಿಯುವ ಸದ್ದಾಯಿತು. ಒಂದು ಕೋಲು ಕಂಡಿತು. ಕೋಲಿನ ಹಿಂದೆ ಗಡ್ಡ ಬೆಳೆದ, ಕೆನ್ನೆ ಒಳಕ್ಕೆ ಹೋದ ಒಂದು ಮುಖ. ಅವನು ಮುಂದೆ ಬರುತ್ತಿದ್ದ, ಬಲಗಾಲಿನ ಹಿಮ್ಮಡಿ ಎಲ್ಲಕ್ಕಿಂತ ಮುಂದೆ ಬರುತ್ತಿತ್ತು.

ಯಮನೂರಪ್ಪ ಗುದ್ದಲಿ ಬಿಸಾಡಿ ಹಿಂದೆ ಸರಿದ. ಯಾರೋ ಕಲ್ಲಿಗಾಗಿ ಬಗ್ಗಿದರು. ಸುಳ್ಳು ಯಾಕೆ ಹೇಳಬೇಕು, ಹುಲಗೆಮ್ಮನಿಗೂ ಓಡಿಹೋಗಬೇಕೆನಿಸಿತು. ಜಿಲಾನಸಾಬ ಹೇಳಿದ್ದೆಲ್ಲ ಕಿವಿಯಲ್ಲಿತ್ತು, ಆದರೂ ಆ ಕಾಲು ನೋಡಿದಾಗ ಮೈಯ ಕೂದಲು ನೆಟ್ಟಗೆ ನಿಂತವು.

“ನನ್ನನ್ನ ಕರಕೊಂಡು ಹೋಗ್ರಿ ಅಂವನ ಹಂತೇಲಿ” ಎಂದು ಅಂಗಡಿಯ ಬಾಗಿಲಿಂದ ಪಕ್ಕೀರವ್ವ ಕೈ ಚಾಚಿದಳು. ಯಾರೂ ಕರೆದೊಯ್ಯಲಿಲ್ಲ. ಅವಳೇ ತಡವರಿಸುತ್ತ ಬಂದು ಅವನನ್ನು ಹಿಡಿದಳು. ಎರಡೂ ಕೈಯಿಂದ ತಲೆ ಸವರಿದಳು, ಕಿವಿ ಸವರಿದಳು, ಹುಬ್ಬಿನ ಮೇಲಿನ ಗಾಯದ ಗುರುತು ಹುಡುಕಿ ಸಿಕ್ಕಿದಾಗ “ನನ್ನಪ್ಪಾ” ಎಂದಳು. ಎದೆ, ಪಕ್ಕೆ, ಸೊಂಟ ಸವರುತ್ತ ಸವರುತ್ತ ಮುದುಕಿ ಕೆಳಗೆ ಬಗ್ಗಿದಳು. ಕೈ ಪಾದಕ್ಕೆ ಮುಟ್ಟಿತು. ಬೆರಳು ಇರಬೇಕಾದಲ್ಲಿ ಹಿಮ್ಮಡಿ ಸಿಕ್ಕಿತು. ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಕೆಂಡ ಮುಟ್ಟಿದವಳ ಹಾಗೆ ಹಿಂದಕ್ಕೆ ಎಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಎದ್ದು ನಿಂತಳು.

“ಇಂವ ನನ್ನ ಮಗ ಅಲ್ಲ” ಎಂದಳು. “ನನ್ನ ಮಗನ್ನ ನಾ ಮಣ್ಣ ಮಾಡೀನಿ.”

ವಿರುಪಣ್ಣ ಕೋಲು ತಿರುಗಿಸಿದ. ಬನದ ಕಡೆ ಹೊರಡಲು ಎಡಗಾಲು ಎತ್ತಿದ.

ಹುಲಗೆಮ್ಮನಿಗೆ ಆಗ ಸಿಟ್ಟು ಬಂತು. ಊರ ಮೇಲೆ, ಅತ್ತೆಯ ಮೇಲೆ, ಬಿಚ್ಚಿ ನೋಡದ ತನ್ನ ಮೇಲೆ. ಹೆದರಿಕೆಯೇನೂ ಹೋಗಲಿಲ್ಲ, ಸಿಟ್ಟು ಅದರ ಮೇಲೆ ಹತ್ತಿ ಕೂತಿತು ಅಷ್ಟೇ. ಅವಳು ಹೋಗಿ ಅವನ ರಟ್ಟೆ ಹಿಡಿದಳು.

“ದೆವ್ವ ಅಂತೀರೇನು?” ಎಂದು ಊರವರ ಕಡೆ ತಿರುಗಿದಳು. “ಆಗಲಿ. ದೆವ್ವ ಇದ್ರ ನನ್ನ ದೆವ್ವ. ನಿಮ್ಮ ಮನಿಗೆ ಕಳಸೂದಿಲ್ಲ. ಕಲ್ಲು ಹಿಡದಾಂವ ಮೊದಲ ನನಗ ಹೊಡಿ.”

ಯಾರೂ ಹೊಡೆಯಲಿಲ್ಲ. ಯಮನೂರಪ್ಪ ಮರುದಿನ ತನ್ನ ಹಗ್ಗ ಹೆಗಲಿಗೆ ಹಾಕಿಕೊಂಡು ಗಂಗಾವತಿಯ ಕಡೆ ಹೊರಟುಹೋದ. ಪಕ್ಕೀರವ್ವ ತಮ್ಮನ ಮನೆ ಸೇರಿದಳು, ಹೋಗುವಾಗ ಸೊಸೆಯ ಹಣೆ ಸವರಿ, “ಸತ್ತವರ ಜೋಡಿ ಬಾಳ್ವೆ ಮಾಡೂದು ಭಾಳ ತ್ರಾಸು, ಯವ್ವಾ” ಎಂದಳು. ಸೇಂದಿ ಅಂಗಡಿ ಬೇರೆಯವರ ಕೈಗೆ ಹೋಗಿ ಊರಿನ ಆಚೆ ಬದಿಗೆ ಸರಿಯಿತು. ಹಳ್ಳದ ದಂಡೆಯ ಗುಡಿಸಲಲ್ಲಿ ಗಂಡ ಹೆಂಡತಿ ಈಚಲ ಗರಿಯ ಚಾಪೆ ಹೆಣೆದು ಇಟ್ಟರೆ, ಕೊಳ್ಳುವವರು ಹಗಲಿನಲ್ಲಿ ಬಂದು, ಮುಖ ನೋಡದೆ, ಕಾಳು ಸುರಿದು ಒಯ್ಯುತ್ತಿದ್ದರು. ನೀರಿನ ದಾರಿಯಲ್ಲಿ ಅವನ ಹೆಜ್ಜೆ ಕಂಡರೆ ಹೆಂಗಸರು ಸುತ್ತು ಹಾಕಿ ಹೋಗುತ್ತಿದ್ದರು.

ಅದೆಲ್ಲ ಆಮೇಲಿನ ಮಾತು. ಅಂದಿನ ಸಂಜೆ, ಎಲ್ಲರೂ ಹೋದ ಮೇಲೆ, ಹುಲಗೆಮ್ಮ ಅವನನ್ನು ಒಳಗೆ ಕೂಡಿಸಿ, ಬಿಸಿ ರೊಟ್ಟಿ ಬಡಿದು, ಪುಂಡಿಪಲ್ಯ ಹಾಕಿ ಮುಂದಿಟ್ಟಳು. ಅವನು ತಿನ್ನುವುದನ್ನೇ ನೋಡುತ್ತ ಕೂತಳು. ಗಂಟಲು ಏರಿ ಇಳಿಯುತ್ತಿತ್ತು. ದೀಪದ ಬೆಳಕಿಗೆ ಗೋಡೆಯ ಮೇಲೆ ನೆರಳು ಬಿದ್ದಿತ್ತು, ಅದನ್ನೂ ನೋಡಿಕೊಂಡಳು. ಆದರೂ ಒಳಗೆ ಒಂದು ಹುಳ ಕೊರೆಯುತ್ತಲೇ ಇತ್ತು. ತಡೆಯಲಾರದೆ ಕೇಳಿಯೇಬಿಟ್ಟಳು.

“ಖರೇ ಹೇಳು. ನೀ ಜೀವಂತ ಅದಿ ಹೌದಿಲ್ಲೋ?”

ವಿರುಪಣ್ಣ ತುತ್ತು ನುಂಗಿದ. ತಮಾಷೆ ಮಾಡುವವನ ಮುಖ ಅದಾಗಿರಲಿಲ್ಲ.

“ನೀ ಓ ಅನ್ನೂತನಕ ನನಗೂ ಗೊತ್ತಿರಲಿಲ್ಲ” ಎಂದ.

ಹುಲಗೆಮ್ಮ ಮತ್ತೆ ಕೇಳಲಿಲ್ಲ. ಇನ್ನೊಂದು ರೊಟ್ಟಿ ಬಡಿಯಲು ಹಿಟ್ಟು ತೆಗೆದುಕೊಂಡಳು.